ಆಪರೇಷನ್ ಬಲಕ್ಕೆ, ಕರೆಂಟ್ ಎಡಕ್ಕೆ

ಹಂಪಿಯಲ್ಲಿ ನೋಡಲೇಬೇಕಾದ ಜಾಗ ಯಾವುದು ಅಂತ ಯಾರಾದರೂ ಕೇಳಿದರೆ ನನ್ನ ಬಾಯಿಗೆ ಮೊದಲು ಬರುವುದು ಗುಡಿಯ ಹೆಸರಲ್ಲ, ಶೌಚಾಲಯದ ಗುರುತು. ಟಿಕೆಟ್ ಕೌಂಟರಿನ ಹಿಂದೆ ಒಂದು, ಪಾರ್ಕಿಂಗ್ ಪಕ್ಕ ಇನ್ನೊಂದು. ಹೋದ ವರ್ಷ ಬೀಗರಿಗೆ ಹಂಪಿ ತೋರಿಸಲು ಹೋದವನು ಕಲ್ಲಿನ ಕಂಬ ತೋರಿಸಿದ್ದಕ್ಕಿಂತ ಬೆನ್ನು ತೋರಿಸಿ ಓಡಿದ್ದೇ ಹೆಚ್ಚು!

ಸಕ್ಕರೆ ಕಾಯಿಲೆ ಇರಬೇಕು ಅಂದುಕೊಂಡೆ. ರಕ್ತ ಕೊಟ್ಟೆ. ಸಕ್ಕರೆ ಸರಿಯಾಗೇ ಇತ್ತು, ಪಿಎಸ್‌ಎ ಅನ್ನೋದೊಂದು ಏರಿತ್ತು. ಸ್ಕ್ಯಾನಿಂಗ್ ಆಯ್ತು. ಬಯಾಪ್ಸಿ ಆಯ್ತು. (ಸೂಜಿ ಎಲ್ಲಿಗೆ ಹಾಕಿದರು ಅಂತ ಮಾತ್ರ ಕೇಳಬೇಡಿ. ಈ ಅಂಕಣವನ್ನು ಮಕ್ಕಳೂ ಓದುತ್ತಾರೆ.)

"ಪ್ರಾಸ್ಟೇಟ್ ಕ್ಯಾನ್ಸರ್ ಐತ್ರಿ. ಆದ್ರ..." ಅಂದರು ಡಾಕ್ಟರು. ಅವರು 'ಆದ್ರ' ಅನ್ನೋದರೊಳಗೆ ನಾನು ನನ್ನ ತಿಥಿ ಊಟಕ್ಕೆ ಯಾರ್ಯಾರನ್ನು ಕರೆಯಬಾರದು ಅಂತ ತೀರ್ಮಾನ ಮಾಡಿ ಮುಗಿಸಿದ್ದೆ.

"ಆದ್ರ ಹೆದರಬ್ಯಾಡ್ರಿ. ನೀವು ಮೂತ್ರಕ್ಕ ಓಡಾಡೋದು ಮೂತ್ರಚೀಲದ ಕೆಳಗಿನ ಈ ಗ್ರಂಥಿ ದೊಡ್ಡದಾಗಿರೋದಕ್ಕ, ಅದಕ್ಕ ಗುಳಿಗಿ ಕೊಡ್ತೀನಿ. ಕ್ಯಾನ್ಸರ್ ಬ್ಯಾರೆ. ಒಂದು ಮೂಲ್ಯಾಗ ಸಣ್ಣದಾಗಿ ಕುಂತೈತಿ. ಹೊರಗ ಹೋಗಿಲ್ಲ. ಭಾಳ ನಿಧಾನದ ಜಾತಿ."

ದಾರಿ ಮೂರು ಅಂದರು. ಆಪರೇಷನ್ ಮಾಡಿ ಗ್ರಂಥಿಯನ್ನೇ ತೆಗೆಯುವುದು. ಇಲ್ಲ ಅಂದರೆ ರೇಡಿಯೇಷನ್, ಅಂದರೆ ನಮ್ಮ ಕಡೆಯವರ ಬಾಯಲ್ಲಿ 'ಕರೆಂಟ್ ಕೊಡೋದು'. ಮೂರನೆಯದು, ಸದ್ಯಕ್ಕೆ ಏನೂ ಮಾಡದೆ ಕಾವಲು ಕಾಯುವುದು. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಆಗಾಗ ಸ್ಕ್ಯಾನಿಂಗ್, ಬೇಕಾದರೆ ಮತ್ತೆ ಬಯಾಪ್ಸಿ. ಅದು ಅಲುಗಾಡಿದರೆ ಆಗ ಚಿಕಿತ್ಸೆ. "ನಿಮ್ಮಂಥೋರಿಗೆ ಮೂರನೇದು ಚಲೋ ಅಂತ ನನಗ ಅನಸ್ತೈತಿ. ಆದ್ರ ನಿಮ್ಮ ಶರೀರ, ನೀವ ಹೇಳ್ಬೇಕು."

ನಾನೇ ಹೇಳಬೇಕಂತೆ! ನಿಮಗೆ ಗೊತ್ತಲ್ಲ, ನಾನು ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ರಿಟೈರ್ ಆದವನು. ಸಂಡೂರಿಗೆ ಯಾವ ಬಸ್ಸು, ಕಂಪ್ಲಿಗೆ ಯಾವ ಬಸ್ಸು ಅಂತ ಊರಿಗೆಲ್ಲ ಕೂಗಿ ಹೇಳಿದವನು. 'ಮೂರೂ ಬಸ್ಸು ಹೋಗ್ತಾವ, ನಿಮಗ ತಿಳಿದದ್ದು ಹತ್ರಿ' ಅಂತ ಯಾವ ಪ್ರಯಾಣಿಕನಿಗಾದರೂ ಹೇಳಿದ್ದೆನಾ?

"ಆಪರೇಷನ್ ಆದ್ರ ಕೆಲವರಿಗೆ ಮೂತ್ರ ಸೋರೋದು ಇರ್ತೈತ್ರಿ. ಆಮೇಲೆ, ಗಂಡ ಹೆಂಡ್ತಿ ವಿಷಯದಾಗೂ..." ಅಂತ ಡಾಕ್ಟರು ನಿಲ್ಲಿಸಿದರು. ನಾನು ಫ್ಯಾನ್ ನೋಡಿದೆ. ನಮ್ಮ ಮನೆಯಾಕಿ ಪಾರ್ವತಿ ಗೋಡೆಯ ಕ್ಯಾಲೆಂಡರ್ ನೋಡಿದಳು. ಹೋದ ವರ್ಷದ ಕ್ಯಾಲೆಂಡರ್ ಅದು. ಆದರೂ ಭಾರಿ ಶ್ರದ್ಧೆಯಿಂದ ನೋಡಿದಳು.

ಹೊರಗೆ ಬಂದವಳೇ, "ಅದೆಲ್ಲ ನೋಡಬ್ಯಾಡ್ರಿ, ಆಪರೇಷನ್ ಮಾಡಿಸಿ ತಗಿಸಿ ಒಗದುಬಿಡ್ರಿ" ಅಂದಳು. ನನಗೆ ಕಾವಲು ಕಾಯುವುದೇ ವಾಸಿ ಅನ್ನಿಸಿತ್ತು. ಆದರೆ 'ಕಾಯೋದು' ಅಂದರೆ ಸಾಕು, ಪಾರ್ವತಿಯ ಮುಖ ಬಿಳಚಿಕೊಳ್ಳುತ್ತಿತ್ತು. ಅವಳ ಸ್ವಂತ ಅಕ್ಕ ಎದೆಯಲ್ಲಿ ಗಂಟಾಗಿದ್ದನ್ನು ಯಾರಿಗೂ ಹೇಳದೆ ಸುಮ್ಮನಿದ್ದು, ಸುಮ್ಮನಿದ್ದೇ ಹೋದವಳು.

ಸುದ್ದಿ ಊರೂರಿಗೆ ಹೋಯಿತು. ಸಂಡೂರಿನಿಂದ ಪಾರ್ವತಿಯ ತಮ್ಮ ಬಂದ. ಮೈನ್ಸ್‌ನಲ್ಲಿ ಡಂಪರ್ ಓಡಿಸುವವನು. "ಮಾವ, ಒಳಗಿರೋದನ್ನ ಒಳಗ ಬಿಡೋ ಮಾತ ಇಲ್ಲ. ಅಗದು ತಗಿಸ್ರಿ!" (ಸಂಡೂರಿನಿಂದ ಇನ್ಯಾವ ಸಲಹೆ ಬಂದೀತು?) ಕಂಪ್ಲಿಯಲ್ಲಿ ಗದ್ದೆ ಮಾಡಿಕೊಂಡಿರುವ ನಮ್ಮ ಅಕ್ಕ ಹುಲಿಗೆವ್ವ ದಿನಾ ಫೋನ್ ಮಾಡಿ, ಡ್ಯಾಮಿನ ನೀರು ಕೇಳಿದ ಹಾಗೆ ನನ್ನ ಪಿಎಸ್‌ಎ ಕೇಳತೊಡಗಿದಳು. "ಎಷ್ಟೈತಲೇ ಇವತ್ತು? ಏರೈತೋ, ಇಳದೈತೋ?"

ಕೊನೆಗೆ ಅಕ್ಕನೇ ದಾರಿ ಹುಡುಕಿದಳು. "ನಮ್ಮ ತಾಯಿ ಹತ್ರ ಹೂ ಕೇಳೋಣು."

ಹೂ ಕೇಳೋದು ನಮ್ಮ ಮನೆತನದಲ್ಲಿ ಹಳೆಯ ಪದ್ಧತಿ. ಮದುವೆ ಇರಲಿ, ಬೋರ್‌ವೆಲ್ ಇರಲಿ, ದೇವಿಯ ಮೈಮೇಲೆ ಒದ್ದೆ ಹೂವು ಅಂಟಿಸಿ ಕೈ ಮುಗಿದು ಕೂರಬೇಕು. ಯಾವ ಕಡೆಯ ಹೂ ಬೀಳುತ್ತದೋ ಅದೇ ಅಪ್ಪಣೆ. ಎಲ್ಲರೂ ಕಂಪ್ಲಿಯ ಗುಡಿಗೆ ಹೋದೆವು. ಅಕ್ಕ ಬೇಡಿಕೊಂಡಳು: "ಬಲಕ್ಕ ಬಿದ್ರ ಆಪರೇಷನ್. ಎಡಕ್ಕ ಬಿದ್ರ ಕರೆಂಟ್."

"ಮೂರನೇದು?" ಅಂದೆ.

"ಸುಮ್ಮ ಕುಂದ್ರೋದೂ ಒಂದು ಔಷಧ ಏನಲೇ? ಬಾಯಿ ಮುಚ್ಚು!"

ಗಾಳಿಗೆ ಹೂ ಬೀಳಬಾರದು ಅಂತ ಪೂಜಾರಿ ಫ್ಯಾನ್ ಆರಿಸಿದರು. ಕಂಪ್ಲಿಯ ಸೆಖೆ! ಹೂ ಬೀಳಲಿಲ್ಲ, ಬೆವರು ಬಿತ್ತು. ನನಗೋ ಆ ಕಡೆ ಅವಸರ ಶುರುವಾಗಿತ್ತು. ದೇವಿ ಎದುರು ಕುಂತು ಒಂದು ಕಾಲ ಮೇಲೆ ಇನ್ನೊಂದು ಕಾಲು ಬಿಗಿದುಕೊಂಡೆ. "ಪೂಜಾರ್ರ, ಫ್ಯಾನ್ ಒಂದ್ ಸ್ವಲ್ಪ ಹಾಕಿಬಿಡ್ರಿ, ಜಲ್ದಿ ಆಗ್ತೈತಿ" ಅಂದ ಸಂಡೂರಿನವನು. ಅಕ್ಕ ಅವನನ್ನು ನೋಡಿದ ನೋಟಕ್ಕೆ ಡಂಪರೂ ರಿವರ್ಸ್ ಹೋಗಬೇಕು.

ಆಗ ಬಿತ್ತು ನೋಡಿ, ಒಂದು ಕೆಂಪು ಕಣಗಿಲೆ. ಬಲಕ್ಕಲ್ಲ. ಎಡಕ್ಕಲ್ಲ. ನೆಟ್ಟಗೆ ಜಾರಿ ದೇವಿಯ ಉಡಿಯೊಳಗೆ!

ಪೂಜಾರಿಯೂ ತಬ್ಬಿಬ್ಬಾದರು. ಆಮೇಲೆ ದೇವಿಗೆ ಕೈ ಮುಗಿದು, "ತಾಯಿ ತನ್ನ ಹತ್ರನ ಇಟ್ಕೊಂಡಾಳ. ಅವಸರ ಬ್ಯಾಡ ಅಂತ ಅರ್ಥ. ಮೂರು ತಿಂಗಳು ಬಿಟ್ಟು ಬರ್ರಿ" ಅಂದರು.

ಮೂರು ತಿಂಗಳು! ಡಾಕ್ಟರೂ ಅದನ್ನೇ ಅಲ್ಲವೇ ಹೇಳಿದ್ದು? ನನಗೆ ನಗು ತಡೆಯಲಾಗಲಿಲ್ಲ. ಗುಡಿ ಅಂತಲೂ ನೋಡದೆ ನಕ್ಕುಬಿಟ್ಟೆ.

ಪಕ್ಕದಲ್ಲಿ ಪಾರ್ವತಿ ಅಳುತ್ತಿದ್ದಳು. "ನಿಮಗ ನಗಿ ಬರ್ತೈತಿ. ನಮ್ಮಕ್ಕನೂ ಹಿಂಗ ಸುಮ್ಮ ಕುಂತು ಹೋದಳ್ರಿ. ಸೋರಿದ್ರ ಸೋರ್ಲಿ, ನಾ ಬಟ್ಟಿ ಒಗೀತೀನಿ. ಡಾಕ್ಟರು ಹೇಳಿದ ಆ ಇನ್ನೊಂದು ಇಲ್ದಿದ್ರ ಕತ್ತೆ ಬಾಲ. ನೀವೊಬ್ರು ಇರ್ರಿ, ಸಾಕು."

ಇಷ್ಟು ವರ್ಷದ ಸಂಸಾರದಲ್ಲಿ ಅವಳು ಹೀಗೆ ಹೇಳಿದ್ದು ಇದೇ ಮೊದಲು. ನನ್ನ ಶರೀರ, ನನ್ನ ತೀರ್ಮಾನ ಅಂತ ನಾನು ತಿಳಿದುಕೊಂಡಿದ್ದೆ. ಹೆದರಿಕೆಯೆಲ್ಲ ಅವಳ ಪಾಲಿಗೆ ಹೋಗಿತ್ತು. ಭಾಳ ಸಂಕಟವಾಯಿತು.

ಮರುದಿನವೇ ಡಾಕ್ಟರ ಎದುರು ಅವಳನ್ನು ಮುಂದೆ ಕೂರಿಸಿದೆ. ತೀರಿಹೋದ ತನ್ನ ಅಕ್ಕನ ಕತೆ ಅವಳೇ ಹೇಳಿದಳು. ಡಾಕ್ಟರು ಪೂರ್ತಿ ಕೇಳಿದರು.

"ಅಮ್ಮಾರ, ನಿಮ್ಮಕ್ಕ ಕಾಯ್ಲಿಲ್ರಿ, ಮುಚ್ಚಿಟ್ರು. ಇದು ಮುಚ್ಚಿಡೋದಲ್ಲ, ಕಣ್ಣಿಟ್ಟು ನೋಡೋದು. ಬೆಳದದ್ದು ಕಂಡ್ರ ಆಗ ಆಪರೇಷನ್ನೋ ರೇಡಿಯೇಷನ್ನೋ ಮಾಡೋಣ. ಈ ಜಾತೀದಕ್ಕ ಸಾಮಾನ್ಯವಾಗಿ ಅಷ್ಟು ಟೈಮ್ ಸಿಗ್ತೈತಿ. ಆದ್ರ ಒಂದು ಟೆಸ್ಟೂ ತಪ್ಪಿಸಂಗಿಲ್ಲ."

ಪಾರ್ವತಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹಂಗಾದ್ರ ಆತ್ರಿ. ಕಾವಲು ನಾನ ಕಾಯ್ತೀನಿ."

ಅಂದಿನಿಂದ ಮನೆಗೆ ಅವಳೇ ಕಂಟ್ರೋಲರ್. ಟೆಸ್ಟಿನ ದಿನ ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಅವಳು ಆಟೋದಲ್ಲಿ ಕುಂತಿರುತ್ತಾಳೆ.

ಹೋದ ವಾರ ರಿಪೋರ್ಟ್ ಬಂತು. ಸಂಖ್ಯೆ ಏರಿಲ್ಲ! ಏರಿಲ್ಲ ತಾನೇ, ಖರೇನ ಏರಿಲ್ಲ ತಾನೇ ಅಂತ ಪಾರ್ವತಿ ಕೇಳಿ ಕೇಳಿ ಡಾಕ್ಟರೇ ನಕ್ಕರು. ಅಕ್ಕನಿಗೆ ಎದುರಿಗೇ ಹೇಳೋಣ ಅಂತ ಕಂಪ್ಲಿ ಬಸ್ಸು ಹತ್ತಿದೆವು. (ಅಕ್ಕ ಈಗಾಗಲೇ ಓಣಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ, ಮೂರನೇ ದಾರಿ ತೋರಿಸಿದ್ದೇ ದೇವಿಯಂತೆ.)

ಊರು ದಾಟುವಷ್ಟರಲ್ಲಿ ಪಾರ್ವತಿಯ ತಲೆ ನನ್ನ ಹೆಗಲಿಗೆ ಬಿತ್ತು. ಮಲಗಿಬಿಟ್ಟಳು. ಗೊರಕೆ ಬೇರೆ! ಬಯಾಪ್ಸಿ ಆದ ದಿನದಿಂದ ಅವಳು ಸರಿಯಾಗಿ ನಿದ್ದೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಎಷ್ಟು ಖುಷಿಯಾಯ್ತು ಅಂದರೆ, ಇಡೀ ಬಸ್ಸಿಗೆ ಟಿಕೆಟ್ ತೆಗೆಸಿಬಿಡೋಣ ಅನ್ನಿಸಿತು.

ಕಮಲಾಪುರ ಬಂತು. ಹಳೆಯ ಪರಿಚಯದ ಕಂಡಕ್ಟರ್ ಬಂದು ಬಗ್ಗಿ ಕೇಳಿದ: "ಸಾಹೇಬ್ರ, ಐದು ನಿಮಿಷ ನಿಲ್ತೈತ್ರಿ. ಇಳೀತೀರೇನ್ರಿ?"

ಇಳಿಯಲೇಬೇಕಿತ್ತು, ತುರ್ತಾಗಿ. ಆದರೆ ಇಳಿದರೆ ಇವಳಿಗೆ ಎಚ್ಚರವಾಗುತ್ತದೆ.

ಹೇಳಿ ಮತ್ತೆ, ಇದಕ್ಕೆ ಯಾವ ದೇವಿಯ ಹತ್ತಿರ ಹೂ ಕೇಳಲಿ?