ಹಿಟ್ಟಿನ ಡಬ್ಬಿಯ ಗುಳಿಗೆ

ಮಕ್ಕಳೇ, ಡೋಣಿ ಊರಿನ ನಮ್ಮ ಮನೆಯಲ್ಲಿ ಒಂದು ಬೆಳಿಗ್ಗೆ ರೊಟ್ಟಿ ತಟ್ಟಲು ಕುಳಿತೆ. ಬೆರಳು ಮಡಚಲಿಲ್ಲ. ಗೆಣ್ಣುಗಳು ಬಾತಿದ್ದವು. ಬಿಸಿಲೇರಿದ ಮೇಲೆ ತುಸು ಸಡಿಲಾದವು. ಹೇಳಲು ಸಂಕೋಚ. ಕೈಯನ್ನು ಸೆರಗಿನಲ್ಲಿ ಮರೆಮಾಡಿ ಎರಡು ತಿಂಗಳು ಕಳೆದೆ.

ನಿಮ್ಮ ಅವ್ವ ಶಾಂತಾ ಕಂಡುಹಿಡಿದು ಗದಗಿನ ದವಾಖಾನೆಗೆ ಕರೆದೊಯ್ದಳು. ಬ್ಲಡ್ ಟೆಸ್ಟ್, ಎಕ್ಸ್‌ರೇ ಆದವು.

ರುಮಟಾಯ್ಡ್ ಆರ್ಥ್ರೈಟಿಸ್. ಕೀಲುಗಳು ಬಾತು ನೋಯುವ ಬೇನೆ.

ನಾನು ತಲೆ ಎತ್ತದಿದ್ದುದನ್ನು ನೋಡಿ ಡಾಕ್ಟರಮ್ಮ ಸ್ಟೂಲ್ ಎಳೆದುಕೊಂಡು ಎದುರಿಗೇ ಕುಳಿತರು. “ಅಜ್ಜಿ, ಸಣ್ಣಾಕಿದ್ದಾಗ ಹೊಲಾ ಕಾದೀರೇನು?”

ಕಾದಿದ್ದೆ. ಅಟ್ಟಣಿಗೆಯ ಮೇಲೆ ನಿಂತು, ಜೋಳದ ಹೊಲಕ್ಕೆ ಬೀಳುವ ಹಕ್ಕಿಗಳಿಗೆ ಕವಣೆ ಬೀಸುತ್ತಿದ್ದೆ. ಮೈಯೊಳಗೂ ಹಾಗೆಯೇ ಕಾವಲಿನ ಕಣಗಳಿವೆಯಂತೆ. ‘ಇವರು ನಮ್ಮವರು, ಸಾಕು ನಿಲ್ಲು’ ಎಂದು ಅವುಗಳಿಗೆ ಸುದ್ದಿ ಮುಟ್ಟಿಸಿ ತಡೆಯುವ ಕಣಗಳೂ ಇವೆಯಂತೆ. ನನ್ನಲ್ಲಿ ಆ ತಡೆ ಸಡಿಲಾಗಿ, ಕಾವಲಿನವು ನನ್ನ ಕೀಲುಗಳನ್ನೇ ಹೊಡೆಯುತ್ತಿದ್ದವು. ಅವುಗಳ ಬಿರುಸು ತಗ್ಗಿಸಲು ವಾರಕ್ಕೊಂದು ಗುಳಿಗೆ ಬರೆದುಕೊಟ್ಟರು.

ನನಗೆ ನನ್ನ ಅವ್ವ ನೆನಪಾದಳು. ಒಮ್ಮೆ ತೆನೆ ಅಲುಗಿದ್ದಷ್ಟೇ ನೋಡಿ ಕಲ್ಲು ಬೀಸಿದ್ದೆ. ಬುತ್ತಿ ತರುತ್ತಿದ್ದ ಅವ್ವನ ಹಣೆ ಒಡೆದಿತ್ತು. ಅವಳು ಬೈಯಲಿಲ್ಲ.

ಇಷ್ಟು ತಿಳಿದೂ ತಪ್ಪು ಮಾಡಿದೆ. ಈ ವಯಸ್ಸಿನಲ್ಲಿ ಕಾವಲನ್ನೇ ತಗ್ಗಿಸಿದರೆ ಸಣ್ಣ ಜ್ವರವೂ ನನ್ನನ್ನು ಕೊಂಡೊಯ್ದೀತು ಎಂದು ಅಂಜಿಕೆ. ಕೇಳಲು ಬಾಯಿ ಬರಲಿಲ್ಲ. ಪ್ರತಿ ವಾರ ಗುಳಿಗೆಯನ್ನು ಜೋಳದ ಹಿಟ್ಟಿನ ಡಬ್ಬಿಯ ತಳಕ್ಕೆ ಒತ್ತಿಬಿಡುತ್ತಿದ್ದೆ. ಕೈ ಇನ್ನಷ್ಟು ಬಾತು, ಲೋಟ ಹಿಡಿಯುವುದೂ ಕಷ್ಟವಾಯಿತು.

ಹಿಟ್ಟು ತಳ ಕಂಡ ದಿನ ಶಾಂತಾಳ ಅಂಗೈಗೆ ಗುಳಿಗೆ ಒತ್ತಿತು. ಉಳಿದ ಹಿಟ್ಟನ್ನು ಜರಡಿ ಹಿಡಿದು ಸಾಣಿಸಿದಳು. ಒಟ್ಟು ಐದು.

“ಅತ್ತಿ, ಬ್ಯಾನಿ ನಿಮಗೋ, ರೊಟ್ಟಿಗೋ?”

ಅಂಜಿಕೆಯನ್ನೆಲ್ಲ ಹೇಳಿಬಿಟ್ಟೆ. ಅವಳು ಹಿಟ್ಟನ್ನು ತಿಪ್ಪೆಗೆ ಚೆಲ್ಲಿ ಬಂದು, ನನ್ನ ಕೈಗಳನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. “ಅಂಜಿಕಿ ಆದ್ರ ಕೇಳ್ರಿ. ಹಿಂಗ ಮುಚ್ಚಿಟ್ರ ಈ ಕೈ ತಿರಗಿ ಯಾರ್ ಕೊಡ್ತಾರ?”

ಮುಂದಿನ ಸಲ ದವಾಖಾನೆಗೆ ಹೋದಾಗ ನಾನೇ ಕೇಳಿದೆ. ಗುಳಿಗೆ ಕಾವಲನ್ನು ಪೂರ್ತಿ ತೆಗೆಯುವುದಿಲ್ಲ, ಅದಕ್ಕೇ ಆಗಾಗ ರಕ್ತ ಪರೀಕ್ಷೆ, ಜ್ವರ ಬಂದರೆ ತಡಮಾಡದೆ ಬರಬೇಕು ಎಂದರು ಡಾಕ್ಟರಮ್ಮ.

ಈಗ ಪ್ರತಿ ಸೋಮವಾರ ಗುಳಿಗೆ. ನುಂಗುವ ತನಕ ಶಾಂತಾ ಎದುರಿಗೆ ನಿಂತಿರುತ್ತಾಳೆ. ಬಾವು ಇಳಿದಿದೆ, ಕಿರುಬೆರಳು ಮಾತ್ರ ಸೊಟ್ಟಗೇ ಉಳಿದಿದೆ. ಬೇಡುವುದಿಷ್ಟೇ, ಉಳಿದವು ಹೀಗೇ ಇರಲಿ.

ನಿನ್ನೆ ಎರಡು ರೊಟ್ಟಿ ತಟ್ಟಿದೆ. ಒಂದರ ಅಂಚು ಒಡೆದಿತ್ತು. ಆ ರೊಟ್ಟಿಯೇ ತನಗೆ ಬೇಕೆಂದು ನೀವಿಬ್ಬರೂ ಜಗಳಾಡಿದಿರಿ. ಮೂರನೆಯದು ಬೇಕೆಂದಿರಿ.

“ನಾಳೆ ನೋಡೂಣು” ಅಂದೆ.