ದರ್ವಜಿ ಗಲ್ಲಿಯ ಸಾಕ್ಷಿ

ಕೋವಿಡ್ ಮುಗಿದು ಕೋರ್ಟುಗಳು ಮತ್ತೆ ಪೂರ್ತಿ ತೆರೆದ ವರ್ಷ. ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ನ್ಯಾಯಾಲಯದಲ್ಲಿ ನಾನು ಬೆರಳಚ್ಚುಗಾರನಾಗಿದ್ದೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಲ್ಕೂ ಕಡೆ ಕೆಲಸ ಮಾಡಿದವನು ನಾನು. ಇದು ಎಲ್ಲಿ ನಡೆಯಿತೆಂಬುದನ್ನು ಮಾತ್ರ ಹೇಳುವುದಿಲ್ಲ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು.

ಸಾಕ್ಷಿದಾರರು ಕಟಕಟೆಯಲ್ಲಿ ನಿಂತು ಹೇಳಿದ್ದನ್ನು ಕಂಪ್ಯೂಟರಿನಲ್ಲಿ ದಾಖಲಿಸುವುದು ನನ್ನ ಕೆಲಸ. ಇದಕ್ಕೆ ಡೆಪೊಸಿಷನ್ ಎನ್ನುತ್ತಾರೆ. ನ್ಯಾಯಾಧೀಶರು ಹೇಳಿ ಬರೆಸುವುದು ರೂಢಿ. ಆದರೆ ನಮ್ಮ ಸಾಹೇಬರು ಮೈಸೂರು ಕಡೆಯವರು, ಇಲ್ಲಿಯ ಮಾತು ಅವರಿಗೆ ಅರ್ಧ ತಿಳಿಯುತ್ತಿರಲಿಲ್ಲ. ಹಾಗಾಗಿ ಸಾಕ್ಷಿ ಹೇಳುತ್ತಿದ್ದಂತೆ ನಾನೇ ಬರೆದುಕೊಳ್ಳುತ್ತಿದ್ದೆ. ಜನ ದುಂಡಸಿಗೆ ದುಂಡ್ಶಿ ಎನ್ನುತ್ತಾರೆ, ಹಿರೇಕೆರೂರಿಗೆ ಹಿರೇಕ್ರೂರ ಎನ್ನುತ್ತಾರೆ. ಬಾಯಲ್ಲಿ ಸವೆದ ಹೆಸರನ್ನು ಕಾಗದದ ಮೇಲೆ ನೆಟ್ಟಗೆ ನಿಲ್ಲಿಸುತ್ತೇನೆಂಬ ಜಂಬ ನನಗಿತ್ತು. ನಾನು ಇದೇ ಜಿಲ್ಲೆಯ ಮಾಸೂರಿನವನು. ಈ ಸೀಮೆಯ ಮಾತನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ ಎಂದುಕೊಂಡಿದ್ದೆ.

ಪ್ರಕರಣ ಹಲ್ಲೆಯದು. ಮಾಬೂಸಾಬ್ ಎಂಬವರು ಸಂತೆಯಲ್ಲಿ ವೀಳ್ಯದೆಲೆ ಮಾರುತ್ತಿದ್ದರು. ತನ್ನ ಅಂಗಡಿಯೆದುರು ಎಲೆಪುಟ್ಟಿ ಇಡಬೇಡವೆಂದು ಒಬ್ಬ ಗುತ್ತಿಗೆದಾರ ಜಗಳ ತೆಗೆದ. ಅಷ್ಟಕ್ಕೇ ಬಿಡದೆ ಸಂಜೆ ಅವರ ಓಣಿಗೇ ಬಂದು ಕಬ್ಬಿಣದ ಸಲಾಕೆಯಿಂದ ಹೊಡೆದ. ಬಲಗೈ ಮಣಿಕಟ್ಟು ಪುಡಿಯಾಯಿತು. ಏಟು ಹಿಂದಿನಿಂದ ಬಿದ್ದದ್ದರಿಂದ ಹೊಡೆದವನ ಮುಖ ಮಾಬೂಸಾಬರಿಗೆ ಕಾಣಿಸಿರಲಿಲ್ಲ. ಕಂಡವರು ಐದು ಮಂದಿ. ಅವರಲ್ಲಿ ನಾಲ್ವರು ಕೋರ್ಟಿಗೆ ಬಂದು ಏನೂ ನೋಡಿಲ್ಲ ಎಂದರು. ಇಂಥವರನ್ನು ಪ್ರತಿಕೂಲ ಸಾಕ್ಷಿ ಎನ್ನುತ್ತಾರೆ. ಉಳಿದವರು ಮಾಬೂಸಾಬರ ಅಕ್ಕ ಹಜರತ್‌ಬಿ ಒಬ್ಬರೇ. ಐವತ್ತೈದು ದಾಟಿದ ವಿಧವೆ, ಹಳೆಬಟ್ಟೆ ಜೋಡಿಸಿ ಹೊದೆಯುವ ಕೌದಿ ಹೊಲಿದು ಬದುಕುತ್ತಿದ್ದರು.

ಅವರು ಸಾಕ್ಷಿ ಹೇಳಿದ ದಿನ ಪಟ್ಟಿಯಲ್ಲಿ ಬಹಳ ಪ್ರಕರಣಗಳಿದ್ದವು. ಘಟನೆ ನಡೆದಾಗ ಎಲ್ಲಿದ್ದಿರಿ ಎಂದು ಸರ್ಕಾರಿ ವಕೀಲರು ಕೇಳಿದರು. ಹಜರತ್‌ಬಿ ಹೇಳಿದ್ದು ನನಗೆ ಹೀಗೆ ಕೇಳಿಸಿತು: "ದರ್ಜಿ ಗಲ್ಲಿಯೊಳಗ ಕೌದಿ ಹೊಲ್ಯಾಕತ್ತಿದ್ನಿರಿ."

ದರ್ಜಿ ಗಲ್ಲಿ ನನಗೆ ಗೊತ್ತಿತ್ತು, ನನ್ನ ಅಂಗಿ ಹೊಲಿಸುತ್ತಿದ್ದುದೇ ಅಲ್ಲಿ. ಹೊಲಿಗೆಯ ಮಾತೂ ಜೊತೆಗೆ ಬಂದದ್ದರಿಂದ ಸಂಶಯವೇ ಬರಲಿಲ್ಲ. ಬರೆದುಬಿಟ್ಟೆ. ಹೇಳಿಕೆಯನ್ನು ಸಾಕ್ಷಿಗೆ ಓದಿ ಹೇಳಿ ಆಮೇಲೆ ಸಹಿ ಪಡೆಯಬೇಕೆಂಬುದು ನಿಯಮ. ಊಟದ ಹೊತ್ತು ಮೀರಿತ್ತು. ಓದಲಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡೆ. "ಓದಿ ಹೇಳಲಾಯಿತು, ಸರಿಯೆಂದು ಒಪ್ಪಿದರು" ಎಂಬ ಸಾಲು ಹಾಳೆಯ ಕೆಳಗೆ ಮೊದಲೇ ಇರುತ್ತದೆ.

ಪಾಟಿ ಸವಾಲು ಮೂರು ವಾರದ ನಂತರ ನಡೆಯಿತು. ಆರೋಪಿಯ ವಕೀಲರು ನನ್ನ ಹಾಳೆಯನ್ನೇ ಕೈಯಲ್ಲಿ ಹಿಡಿದಿದ್ದರು.

"ಜಗಳ ಆದಾಗ ನೀವು ದರ್ಜಿ ಗಲ್ಲಿಯೊಳಗ ಇದ್ರಿ. ಹೊಡೆದದ್ದು ಊರಿನ ಆ ತುದಿಗೆ, ದರವಾಜಾ ಗಲ್ಲಿಯೊಳಗ. ನಿಮಗ ಹೆಂಗ ಕಾಣಿಸ್ತು?"

"ದರ್ಜಿ ಅಲ್ರೀ ಸಾಹೇಬ್ರ, ದರ್ವಜಿ. ನಮ್ಮ ಮನೀನ ಅಲ್ಲೈತ್ರಿ. ಕಟ್ಟಿ ಮ್ಯಾಲ ಕುಂತ ಹೊಲ್ಯಾಕತ್ತಿದ್ನಿ."

ಗಾಬರಿಯಲ್ಲಿ ಅವರು ಬೇಗಬೇಗ ಹೇಳಿದ್ದರಿಂದ ಎರಡೂ ಒಂದೇ ಆಗಿ ಕೇಳಿಸಿದವು. ವಕೀಲರು ನಕ್ಕರು. "ನೋಡ್ರಿ ಸರ್, ಮತ್ತ ದರ್ಜಿ ಅಂತನ ಅಂದ್ರು." ಹಿಂದಿನ ಬೆಂಚುಗಳಲ್ಲೂ ನಗೆ ಎದ್ದಿತು.

ನಾನು ನಗಲಿಲ್ಲ. ಹಳೆಯ ಕೋಟೆಬಾಗಿಲ ಬಳಿಯ ದರವಾಜಾ ಗಲ್ಲಿಯನ್ನು ಅಲ್ಲಿಯ ಜನ ದರ್ವಜಿ ಎನ್ನುತ್ತಾರೆ, ಆ 'ವ' ತುಟಿ ದಾಟಿ ಹೊರಗೆ ಬರುವುದೇ ಇಲ್ಲ ಎಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಿತು. ತಪ್ಪು ನನ್ನದು.

ಸಾಹೇಬರು ನನ್ನತ್ತ ತಿರುಗಿದರು. "ಏನ್ರೀ, ಅವರು ಹೇಳಿದ್ದನ್ನೇ ಬರೆದಿದ್ದೀರಾ?"

"ಹೌದು ಸರ್. ಓದಿಯೂ ಹೇಳಿದ್ದೇನೆ."

ಆ ಉತ್ತರ ಕೊಡಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಇಲಾಖಾ ವಿಚಾರಣೆ, ಬಡ್ತಿ, ತುಂಬಿದ ಕೋರ್ಟಿನಲ್ಲಾಗುವ ಅವಮಾನ, ಇವೆಲ್ಲ ತಲೆಗೆ ಬಂದದ್ದು ಆಮೇಲೆ. ಹಜರತ್‌ಬಿ ನನ್ನನ್ನೇ ನೋಡುತ್ತಿದ್ದರು. ಸಿಟ್ಟಿನಿಂದಲ್ಲ. ನಾನು ಅವರ ಪರವಾಗಿ ಒಂದು ಮಾತು ಹೇಳಿಯೇ ಹೇಳುತ್ತೇನೆಂದು ಕಾಯುತ್ತಿರುವವರ ಹಾಗೆ.

ಸರ್ಕಾರಿ ವಕೀಲರು ಎದ್ದು, ಸಾಕ್ಷಿಯ ಮನೆಯೇ ದರವಾಜಾ ಗಲ್ಲಿಯಲ್ಲಿದೆ ಎಂದು ವಾದಿಸಿದರು. ಮನೆ ಅಲ್ಲಿರಬಹುದು, ಆ ಹೊತ್ತಿಗೆ ಅವರು ಅಲ್ಲಿರಲಿಲ್ಲ ಎಂದು ಎದುರು ವಕೀಲರು ಹೇಳಿದರು. ಆ ಮಾತಿಗೆ ನನ್ನ ಹಾಳೆಯ ಆಧಾರವಿತ್ತು.

ಎರಡು ತಿಂಗಳ ನಂತರ ತೀರ್ಪು ಬಂತು. ಏಕೈಕ ಪ್ರತ್ಯಕ್ಷ ಸಾಕ್ಷಿ ಘಟನಾ ಸ್ಥಳದಲ್ಲಿ ಇದ್ದರೆಂಬುದೇ ಸಂಶಯಾಸ್ಪದ, ಸಂಶಯದ ಲಾಭ ಆರೋಪಿಗೆ. ಆ ತೀರ್ಪನ್ನು ಬೆರಳಚ್ಚು ಮಾಡಿದವನೂ ನಾನೇ. ಒಂದು ಅಕ್ಷರವೂ ತಪ್ಪಲಿಲ್ಲ.

ಕೆಲವು ದಿನಗಳಾದ ಮೇಲೆ ಹಜರತ್‌ಬಿ ತೀರ್ಪಿನ ನಕಲು ಪಡೆಯಲು ಬಂದರು. ಜೊತೆಗೆ ಮಾಬೂಸಾಬ್ ಇದ್ದರು. ಅವರ ಬಲಗೈ ಬೆರಳುಗಳು ಒಳಗೆ ಮಡಚಿಕೊಂಡೇ ಇದ್ದವು. ಹಾಳೆಗಳನ್ನು ನನ್ನ ಮುಂದೆ ಹಿಡಿದು ಅಕ್ಕ ಕೇಳಿದರು: "ಇದರಾಗ ನಮ್ಮ ಓಣಿ ಹೆಸರು ಎಲ್ಲೈತಿ, ತೋರಸ್ರಿ."

ಹೊಡೆದ ಜಾಗ 'ದರವಾಜಾ ಗಲ್ಲಿ' ಎಂದಿದ್ದ ಕಡೆ ತೋರಿಸಿದೆ. ಓದಲು ಬಾರದ ಅವರು ಆ ಪದದ ಮೇಲೆ ಬೆರಳಿಟ್ಟರು.

"ಇಷ್ಟ ಮಂದಿ ಕಲತವರು ಕುಂತಿದ್ರಿ. ಯಾವ ಓಣಿ ಅಂತ ಇನ್ನೊಮ್ಮೆ ಕೇಳಿದ್ರ ನಾ ಹೇಳ್ತಿದ್ನೆಲ್ರಿ."

ಮೇಲ್ಮನವಿ ಸಲ್ಲಿಸಲು ಅವಕಾಶವಿದೆ, ಹೈಕೋರ್ಟಿನ ಧಾರವಾಡ ಪೀಠದವರೆಗೂ ಹೋಗಬಹುದು ಎಂದೆ. ಅಷ್ಟು ಹೇಳಿದರೆ ನನ್ನ ಭಾರ ಇಳಿದೀತು ಎಂಬ ಆಸೆ.

"ಅಲ್ಲಿ ಯಾರ ಬರೀತಾರ್ರಿ?" ಎಂದರು ಅಕ್ಕ. ಮಾಬೂಸಾಬ್ ಎಡಗೈಯಿಂದ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಇಬ್ಬರೂ ಮೆಟ್ಟಿಲು ಇಳಿದು ಹೋದರು. ಆಗಲೂ ನಾನು ನಿಜ ಹೇಳಲಿಲ್ಲ.

ಉಳಿದ ಸೇವೆಯಲ್ಲಿ ಒಂದು ಹೇಳಿಕೆಯನ್ನೂ ಓದಿ ಹೇಳದೆ ಸಹಿ ಹಾಕಿಸಿಕೊಳ್ಳಲಿಲ್ಲ. ಊರು, ಓಣಿ, ಹಳ್ಳ, ಹೊಲ, ಪ್ರತಿ ಹೆಸರನ್ನೂ ಎರಡು ಸಲ ಕೇಳಿದೆ. ಕೆಲಸ ನಿಧಾನವಾಯಿತೆಂದು ಬೈಸಿಕೊಂಡೆ. ಜನರ ಬಾಯಲ್ಲಿರುವ ಹೆಸರೇ ಊರಿನ ಹೆಸರು, ನನ್ನ ಕೈಯಲ್ಲಿರುವುದು ಬರೀ ಅಕ್ಷರ ಎಂಬುದು ವೃತ್ತಿ ನನಗೆ ಕಲಿಸಿದ ಪಾಠ. ಆದರೆ ಆ ಪಾಠದ ಬೆಲೆಯನ್ನು ತೆತ್ತವನು ನಾನಲ್ಲ. ಪೂರ್ತಿ ಪಿಂಚಣಿಯೊಂದಿಗೆ, ಕೊರಳಿಗೆ ಹಾರ ಹಾಕಿಸಿಕೊಂಡು ನಿವೃತ್ತನಾದೆ. ಬೀಳ್ಕೊಡುಗೆಯ ದಿನ ಎಲ್ಲರೂ ನನ್ನ ತಪ್ಪಿಲ್ಲದ ಕನ್ನಡವನ್ನು ಹೊಗಳಿದರು. ಕೈಮುಗಿದು ಕೇಳಿಸಿಕೊಂಡೆ.