ಎಡಗಡೆಗೆ ಬಂದ ಫಿಲ್ಟರ್

ಜಾಲಹಳ್ಳಿಯ ಕರೆಮ್ಮ ಟ್ರ್ಯಾಕ್ಟರ್ ಹೊಡೆಯುವುದನ್ನು ಊರು ಮೊದಲು ನಿಂತು ನೋಡಿತು, ಆಮೇಲೆ ಆಡಿಕೊಂಡಿತು, ಕೊನೆಗೆ ನಮ್ಮ ಹೊಲಕ್ಕೆ ಯಾವಾಗ ಬರುತ್ತೀ ಎಂದು ಕೇಳತೊಡಗಿತು. ಊರೆಂದರೆ ಹಾಗೇ. ಗಂಡ ನಿಂಗರಾಜ ಕಾಮಾಲೆಯಾಗಿ ತೀರಿಕೊಂಡಾಗ, ಹೆಣ್ಣುಮಗಳಿಗೇಕೆ ಇದೆಲ್ಲ, ಮಾರಿಬಿಡು ಎಂದು ಬುದ್ಧಿ ಹೇಳಿದವರೇ ಈಗ ಬೆಳೆಯ ಸಾಲುಗಳ ನಡುವೆ ಎಡೆ ಹೊಡೆಸಲು ಅವಳ ಬಾಗಿಲಿಗೆ ಬರುತ್ತಾರೆ. ದೊಡ್ಡ ಟ್ರ್ಯಾಕ್ಟರ್ ಹತ್ತಿಯ ಸಾಲಿಗಿಳಿದರೆ ಗಿಡ ಉಳಿಯುವುದಿಲ್ಲ. ನಿಂಗರಾಜನದು ಸಣ್ಣ ಗಾಡಿ, ಎರಡು ಸಾಲಿನ ನಡುವೆ ಗಿಡಕ್ಕೆ ತಾಗದಂತೆ ಹೋಗಿ ಬರುತ್ತಿತ್ತು.

ಕರೆಮ್ಮ ಹುಟ್ಟಿದ್ದು ಮಾನ್ವಿ ತಾಲೂಕಿನ ಕಲ್ಲೂರಿನಲ್ಲಿ. ಮಾವ ಕನಕರಾಯ ಅವಳಿಗೆ ಬರೀ ಗಂಡನ ತಂದೆಯಲ್ಲ, ತಾಯಿಯ ಒಡಹುಟ್ಟಿದ ಅಣ್ಣ. ಚಿಕ್ಕಂದಿನಲ್ಲಿ ಅವಳು ಅವನ ಹೆಗಲ ಮೇಲೆ ಕೂತು ಕುರಿ ಹಿಂಡು ನೋಡಿದವಳು. ಅತ್ತೆ ಹೋಗಿ ಬಹಳ ವರ್ಷವಾಗಿತ್ತು. ಮಗಳು ಭಾಗ್ಯಜ್ಯೋತಿ ದೇವದುರ್ಗದ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಳು. ಮನೆಯಲ್ಲಿ ಉಳಿದವರು ಮಾವ, ಸೊಸೆ ಇಬ್ಬರೇ.

ಮಗ ಹೋದ ಮೇಲೆ ಹಿಂಡಿನ ಹಿಂದೆ ಅಲೆಯುವವರಿಲ್ಲದೆ ಕುರಿಗಳನ್ನು ಕೊಟ್ಟುಬಿಟ್ಟರು. ಹಟ್ಟಿ ಬರಿದಾದ ದಿನದಿಂದ ಕನಕರಾಯ ಗೋಡೆಗೆ ಮುಖ ಮಾಡಿ ಮಲಗಿದ. ಕರೆದರೆ ಎದ್ದು ಉಣ್ಣುತ್ತಿದ್ದ, ಮತ್ತೆ ಅದೇ ಗೋಡೆ. ಗಂಡನನ್ನು ಕಳೆದುಕೊಂಡ ಸಂಕಟ ಒಂದಾದರೆ, ಉಸಿರಿದ್ದೂ ಇಲ್ಲವಾದ ಈ ಮುದುಕನನ್ನು ದಿನಾ ನೋಡುವುದು ಇನ್ನೊಂದು. ಎರಡನೆಯದೇ ಕರೆಮ್ಮನನ್ನು ಹೆಚ್ಚು ಹಿಂಡಿತು.

ಅವನನ್ನು ಎಬ್ಬಿಸಿದ್ದು ಡೀಸೆಲ್. ಒಂದು ಬೆಳಿಗ್ಗೆ ಅವಳು ಅಂಗಳದಲ್ಲಿ ಕ್ಯಾನಿನಿಂದ ಟ್ಯಾಂಕಿಗೆ ಸುರಿಯುತ್ತಿದ್ದಾಗ ಮುದುಕ ಹೊಸ್ತಿಲಿಗೆ ಬಂದು ನಿಂತ. ಕ್ಯಾನಿನ ತಳದ ಮಣ್ಣು ನೋಡಿ ಅವಳ ಕೈಯಿಂದ ಅದನ್ನು ಕಿತ್ತುಕೊಂಡ.

"ನನ್ನ ಮಗನ ಗಾಡ್ಯಾಗ ಕಸ ಹೋಗಬಾರ್ದು" ಎಂದ.

ಒಳಗೆ ಹೋಗಿ ಪೆಟ್ಟಿಗೆಯಿಂದ ಕಂಬಳಿ ತೆಗೆದ. ನಿಂಗರಾಜ, ಕರೆಮ್ಮ ಇಬ್ಬರೂ ಮದುವೆಯಲ್ಲಿ ಕೂತ ಕಂಬಳಿ ಅದು. ಅದರ ಮೂಲೆಯನ್ನು ಕತ್ತರಿಸಿ ಲಾಳಿಕೆಗೆ ಹಾಸಿದ. ಅವರ ಮನೆತನದಲ್ಲಿ ದೇವರನ್ನು ಕೂರಿಸುವುದು ಕಂಬಳಿಯ ಮೇಲೆ, ಮದುಮಕ್ಕಳನ್ನು ಕೂರಿಸುವುದೂ ಕಂಬಳಿಯ ಮೇಲೆ. ಅದಕ್ಕಿಂತ ಮಡಿಯಾದದ್ದು ಭೂಮಿಯ ಮೇಲಿಲ್ಲ ಎಂದು ಅವನ ನಂಬಿಕೆ. ಅಂದಿನಿಂದ ಹೊತ್ತು ಹುಟ್ಟುವ ಮೊದಲೇ ಅಂಗಳಕ್ಕೆ ಬರುವುದು, ಲಾಳಿಕೆ ಹಿಡಿದು ಡೀಸೆಲ್ ಸೋಸುವುದು ಅವನ ಕೆಲಸವಾಯಿತು. ಸೋಸಿದ ಮೇಲೆ ಕಟ್ಟೆಗೆ ಕೂತು ಎರಡು ಮಾತನ್ನೂ ಆಡುತ್ತಿದ್ದ. ಬಂದವರನ್ನು ಯಾವ ಹೊಲ, ಎಷ್ಟು ಹದ ಎಂದು ವಿಚಾರಿಸುತ್ತಿದ್ದ. ಕರೆಮ್ಮ ಮನಸ್ಸಿನಲ್ಲೇ ಮನೆದೇವರು ಬೀರಪ್ಪನಿಗೆ ಕೈ ಮುಗಿದಳು.

ಗಾಡಿ ಮಾತ್ರ ನಿಲ್ಲತೊಡಗಿತು. ಚೆನ್ನಾಗಿಯೇ ಹೊರಡುತ್ತಿತ್ತು. ಸಾಲಿನ ನಡುವೆ ಕುಂಟೆ ನೆಲ ಕಚ್ಚಿ ಭಾರ ಬಿದ್ದೊಡನೆ ದಮ್ಮು ಕಟ್ಟಿದಂತೆ ಕೆಮ್ಮಿ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ನಡೆಯುವುದು, ಮತ್ತೆ ನಿಲ್ಲುವುದು. ನಿಂಗರಾಜ ಇದ್ದಾಗ ನಟ್ಟು ಬಿಚ್ಚುವ ಪಾನಾ ಹಿಡಿದು ಕೊಡುತ್ತಾ ಅವಳು ಅಷ್ಟಿಷ್ಟು ಕಲಿತಿದ್ದಳು. ಡೀಸೆಲ್ ಫಿಲ್ಟರ್ ಇದ್ದದ್ದು ಬಲಗಡೆ, ಬ್ಯಾಟರಿಯ ಹಿಂದೆ, ಸೈಲೆನ್ಸರಿನ ಬಗಲಲ್ಲಿ, ಕಣ್ಣಿಗೆ ಕಾಣದ ಸಂದಿಯಲ್ಲಿ. ಕೈ ಸುಟ್ಟುಕೊಂಡು, ತಡಕಾಡಿ ಬಿಚ್ಚಿದಳು. ಡಬ್ಬಿಯ ತಳದಲ್ಲಿ ಕರೀ ಕೂದಲು ಮುದ್ದೆಗಟ್ಟಿತ್ತು. ಬೆರಳಲ್ಲಿ ಎಳೆದು ನೋಡಿದಳು. ಉಣ್ಣೆ.

ಹೊಲದಲ್ಲಿ ಒಬ್ಬಳೇ ಕೂತು ಅತ್ತಳು. ಮಾವ ಕಸ ತಡೆಯುತ್ತೇನೆಂದು ಸೋಸಿದ ಕಂಬಳಿಯೇ ದಿನದಿನವೂ ಕೂದಲುದುರಿಸಿ ಗಾಡಿಯ ಗಂಟಲು ಕಟ್ಟುತ್ತಿತ್ತು. ಹೇಳಿದರೆ ಮುಗಿಯಿತು, ಮಾವ ಲಾಳಿಕೆ ಕೆಳಗಿಟ್ಟು ಮತ್ತೆ ಗೋಡೆಗೆ ತಿರುಗುತ್ತಾನೆ. ಹೇಳದಿದ್ದರೆ ಇಬ್ಬರ ಹೊಟ್ಟೆಗೂ ದಾರಿಯಿಲ್ಲ. ಅವಳು ಹೇಳಲಿಲ್ಲ. ರವಿಕೆಯಲ್ಲಿ ಹೊಸ ಫಿಲ್ಟರ್ ಬಚ್ಚಿಟ್ಟುಕೊಂಡು ಹೊಲಕ್ಕೆ ಹೋಗುವುದು, ಯಾರೂ ಕಾಣದಾಗ ಬದಲಿಸುವುದು, ಸಂಜೆ ನಗುಮುಖ ಮಾಡಿಕೊಂಡು ಬರುವುದು, ಹೀಗೆ ಮುಂಗಾರಿನ ಅರ್ಧ ಕಳೆಯಿತು. ಕೊನೆಗೆ ವಿರೂಪಣ್ಣನೆಂಬ ರೈತ, ಒಳ್ಳೆಯವನೇ, ಇನ್ನೊಂದು ಸಲ ನನ್ನ ಹೊಲದಲ್ಲಿ ನಿಂತರೆ ಬೇರೆ ಗಾಡಿ ನೋಡಿಕೊಳ್ಳುತ್ತೇನೆ ತಾಯಿ ಎಂದುಬಿಟ್ಟ. ಹದ ಯಾರಿಗೂ ಕಾಯುವುದಿಲ್ಲ, ಅವನದು ತಪ್ಪಲ್ಲ.

ಕರೆಮ್ಮ ಬಸ್ಸು ಹತ್ತಿ ರಾಯಚೂರಿಗೆ ಹೋದಳು. ಅಲ್ಲಿ ಬಿಸ್ಮಿಲ್ಲಾ ಬೀ ಎಂಬ ಹಿರಿಯ ಹೆಂಗಸು ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟಿದ್ದಳು. ಅವಳದು ಕಟು ನಾಲಿಗೆ, ಮೆತ್ತನೆ ಕರುಳು. ಕರೆಮ್ಮ ಬೇರೆ ಯಾರಿಗೂ ಹೇಳದ್ದನ್ನು ಅವಳ ಮುಂದೆ ಹೇಳಿದಳು. ಬೀ ಕಂಬಳಿಯ ಬದಲು ಲಾಳಿಕೆಗೆ ಹಾಕಲು ಸಣ್ಣ ಕಣ್ಣಿನ ತಂತಿ ಜಾಳಿಗೆ ಕೊಟ್ಟಳು. ಸುಲಭವಾಗಿ ಬಿಚ್ಚಲು ಬರುವ, ಗಾಜಿನ ಬಟ್ಟಲಿನ ಫಿಲ್ಟರ್ ತೋರಿಸಿದಳು. ಒಳಗಿನದೆಲ್ಲ ಹೊರಗೇ ಕಾಣುತ್ತಿತ್ತು. ಕರೆಮ್ಮ ಕೈ ಹಿಂದೆಗೆದಳು.

"ಮುದುಕಪ್ಪ ನೋಡ್ತಾನಂತ ಅಂಜತಿಯೇನು?" ಬಿಸ್ಮಿಲ್ಲಾ ಬೀ ಕೇಳಿದಳು. "ನೋಡ್ಲಿ ಬೇಟಿ. ನಿನ್ನ ಬಾಯಿ ಹೇಳಂಗಿಲ್ಲ, ಗಾಜಾದ್ರೂ ಹೇಳ್ಲಿ. ಆದ್ರ ಒಂದು ತಿಳ್ಕೊ. ಒಂದು ಕೆಲಸ ಕಸ್ಕೊಂಡ್ರ ಇನ್ನೊಂದು ಕೆಲಸ ಕೈಗೆ ಕೊಡಬೇಕು."

ಕರೆಮ್ಮ ಗಾಜಿನ ಫಿಲ್ಟರನ್ನೂ ಕೊಂಡಳು. ಆ ಮಾತು ಬಸ್ಸಿನ ದಾರಿಯುದ್ದಕ್ಕೂ ಕರೆಮ್ಮನ ತಲೆಯಲ್ಲಿ ಕೊರೆಯಿತು. ಮರುದಿನ ಗಾಡಿಯನ್ನು ದೇವದುರ್ಗಕ್ಕೆ ಹೊಡೆದುಕೊಂಡು ಹೋಗಿ ವೆಲ್ಡಿಂಗ್ ಅಂಗಡಿಯ ಮುಂದೆ ನಿಲ್ಲಿಸಿದಳು. ಫಿಲ್ಟರನ್ನು ಆ ಸುಡುವ ಸಂದಿಯಿಂದ ಹೊರಗೆ ತರಬೇಕು ಎಂದಳು. ವೆಲ್ಡಿಂಗ್ ಮಾಡುವವನು ಬಲಗಡೆಯೇ ಒಂದು ಪಟ್ಟಿ ಬೆಸೆಯುತ್ತೇನೆ ಎಂದ. ಎಂಜಿನ್ನಿಗೆ ಡೀಸೆಲ್ ಒತ್ತುವ ಕೈಪಂಪು ಬಲಗಡೆಯೇ ಇದೆಯಲ್ಲ, ಹತ್ತಿರವಾಗುತ್ತದೆ ಎಂಬುದು ಅವನ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಫಿಲ್ಟರ್ ಬದಲಿಸಿದಾಗಲೆಲ್ಲ ಪೈಪಿನಲ್ಲಿ ಗಾಳಿ ಸೇರುತ್ತದೆ. ಕೈಪಂಪು ಒತ್ತುತ್ತಾ ಫಿಲ್ಟರಿನ ತಲೆಯ ಸ್ಕ್ರೂ ಸಡಿಲಿಸಿ ಆ ಗಾಳಿ ತೆಗೆದರೇ ಗಾಡಿ ಚಾಲೂ ಆಗುವುದು. ಎರಡೂ ಒಂದೇ ಕಡೆಯಿದ್ದರೆ ಒಬ್ಬರೇ ಮಾಡಬಹುದು.

ಕರೆಮ್ಮ ಎಡಗಡೆ ಬೆಸೆ ಎಂದಳು. ಪೈಪು ಉದ್ದವಾಗುತ್ತದೆ, ಒಬ್ಬರ ಕೈಲಿ ಗಾಳಿ ತೆಗೆಯಲು ಆಗುವುದಿಲ್ಲ ಎಂದು ಅವನು ತಕರಾರು ಮಾಡಿದ. ಇವಳಿಗೆ ಬೇಕಾಗಿದ್ದುದೂ ಅದೇ. ಒಬ್ಬರ ಕೈಲಿ ಆಗಬಾರದು. ಆ ಮನೆಯಲ್ಲಿ ಇನ್ನೊಬ್ಬರೆಂದರೆ ಮಾವನೇ. ಅದನ್ನು ವೆಲ್ಡಿಂಗಿನವನಿಗೇಕೆ ಹೇಳಲಿ, ಎಡಗಡೆಯೇ ಇರಲಿ ಎಂದಷ್ಟೇ ಅಂದಳು. ಅವನು ಗೊಣಗುತ್ತಲೇ ಬೆಸೆದು, ಹೊಸ ಪೈಪಿಗೆ ಕ್ಲಿಪ್ಪು ಬಿಗಿದು ಕೊಟ್ಟ.

ಮರುದಿನ ಕನಕರಾಯ ಎಂದಿನಂತೆ ಸೋಸಿದ. ತಂತಿ ಜಾಳಿಗೆ ಇನ್ನೂ ಅವಳ ಚೀಲದಲ್ಲೇ ಇತ್ತು. ಕೊಡಲು ಎದೆ ಬಂದಿರಲಿಲ್ಲ. ಸಂಜೆ ಕೆಲಸದಿಂದ ಬಂದವಳು ಗಾಡಿಯನ್ನು ಕಟ್ಟೆಗೆ ಎಡಗಡೆ ಮಾಡಿ ನಿಲ್ಲಿಸಿ ನೀರು ತರಲು ಹೋದಳು. ತಿರುಗಿ ಬಂದಾಗ ಮುದುಕ ಕುಕ್ಕರುಗಾಲಲ್ಲಿ ಕೂತು ಗಾಜಿನ ಬಟ್ಟಲಿನ ತಳದಲ್ಲಿ ಕೂತ ಕರೀ ಕೂದಲನ್ನೇ ನೋಡುತ್ತಿದ್ದ. ಜೀವಮಾನವೆಲ್ಲ ಉಣ್ಣೆ ಹಿಡಿದ ಕೈ. ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಯಾವಾಗಿಂದ ಗೊತ್ತು ನಿನಗ?"

"ಮದ್ಲನೇ ಸಲ ಬಿಚ್ಚಿದಾಗಿಂದ, ಮಾವ."

"ಯಾಕ ಹೇಳಲಿಲ್ಲ?"

ಕರೆಮ್ಮ ಕೊಡ ಇಳಿಸಿದಳು. ಸುಳ್ಳು ಸಿದ್ಧವಿತ್ತು, ಆಡಲಿಲ್ಲ. "ಹೇಳಿದ್ರ ನೀವು ಅಂಗಳಕ್ಕ ಬರ್ತಿರಲಿಲ್ಲ" ಎಂದಳು.

ಕನಕರಾಯ ಲಾಳಿಕೆಯಿಂದ ಕಂಬಳಿಯ ತುಂಡು ತೆಗೆದು ಮಡಿಚಿದ. ಮಗನ ಗಾಡಿಯನ್ನು ತಾನೇ ನಿಲ್ಲಿಸಿದೆನಲ್ಲ ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಉಣ್ಣದೆ ಒಳಗೆ ಹೋದ. ಗೋಡೆಗೆ ಮುಖ ಮಾಡಿ ಮಲಗಿದ.

ಬೆಳಗಾಯಿತು. ಅವನು ಏಳಲಿಲ್ಲ. ಕರೆಮ್ಮ ತಂತಿ ಜಾಳಿಗೆ ಹಾಕಿ ತಾನೇ ಡೀಸೆಲ್ ಸುರಿದಳು. ಗಾಜಿನ ಬಟ್ಟಲು ಬಿಚ್ಚಿ ತೊಳೆದು, ಒಳಗಿನ ಫಿಲ್ಟರ್ ಬದಲಿಸಿದಳು. ಆಮೇಲೆ ಬಾಗಿಲಿಗೆ ಬಂದು, ಗಾಳಿ ತೆಗೆಯಬೇಕು, ಆ ಕಡೆ ಪಂಪು ಒತ್ತಲು ಒಬ್ಬರು ಬೇಕು ಎಂದಳು.

"ನಾ ಕೈ ಹಚ್ಚಿ ಕೆಡಿಸಿದ್ದು ಸಾಕು" ಎಂದಿತು ಗೋಡೆಯ ಕಡೆಯಿಂದ ಧ್ವನಿ.

ಅವಳು ಬೇಡಿಕೊಳ್ಳಲಿಲ್ಲ. ನೆರೆಮನೆಯವರನ್ನು ಕೂಗಬಹುದಿತ್ತು, ಕೂಗಲಿಲ್ಲ. ಎಡಗಡೆಯ ಗಾಲಿಗೆ ಒರಗಿ ಪಾನಾ ಹಿಡಿದು ಕೂತಳು. ಬಿಸಿಲು ಅಂಗಳಕ್ಕೆ ಇಳಿಯಿತು. ವಿರೂಪಣ್ಣನ ಕಡೆಯಿಂದ ಒಮ್ಮೆ ಫೋನು ಬಂತು, ಬರುತ್ತೇನೆ ಎಂದಳು. ಈ ಕೆಲಸ ಹೋದರೂ ಹೋಗಲಿ, ಇವತ್ತು ಈ ಮನುಷ್ಯನನ್ನು ಬಿಟ್ಟು ಗಾಡಿ ಚಾಲೂ ಮಾಡುವುದಿಲ್ಲ ಎಂದು ಹಟಕ್ಕೆ ಬಿದ್ದಿದ್ದಳು. ಹಟ ಆ ಮನೆಯಲ್ಲಿ ಮುದುಕನೊಬ್ಬನ ಸೊತ್ತಾಗಿರಲಿಲ್ಲ.

ಎರಡನೆಯ ಸಲ ಫೋನು ಬಂದಾಗ ಒಳಗೆ ಮಾವ ಮಲಗಿದ್ದ ಹೊರಸು ಕಿರುಗುಟ್ಟಿತು. ಕನಕರಾಯ ಗೋಡೆ ಹಿಡಿದುಕೊಂಡು ಬಂದ. ಅವಳ ಮುಖ ನೋಡದೆ ಬಲಗಡೆಗೆ ಹೋಗಿ ಪಂಪು ಹೇಗೆ ಒತ್ತುವುದು ಎಂದು ಕೇಳಿದ. ಅವಳು ತೋರಿಸಿ ಬಂದು ಸ್ಕ್ರೂ ಸಡಿಲಿಸಿದಳು. ಅವನು ಒತ್ತಿದ. ಗುಳ್ಳೆ ಬಂದವು. ಇನ್ನೂ ಒತ್ತಿರಿ ಮಾವ ಎಂದಳು, ಒತ್ತಿದ. ಬರಬರುತ್ತಾ ಗುಳ್ಳೆ ನಿಂತು ಬರೀ ಡೀಸೆಲ್ ಉಕ್ಕಿತು. ಅವಳು ಸ್ಕ್ರೂ ಬಿಗಿದು ಕೀಲಿ ತಿರುಗಿಸಿದಳು. ಗಾಡಿ ಕೆಮ್ಮದೆ ಎದ್ದಿತು.

ಮುದುಕ ಬಾನೆಟ್ ಹಿಡಿದು ಸುತ್ತಿ ಎಡಗಡೆಗೆ ಬಂದ. ಫಿಲ್ಟರ್ ನೋಡಿದ, ತಾನು ಒತ್ತಿದ ಪಂಪಿನ ಕಡೆ ತಿರುಗಿ ನೋಡಿದ.

"ನಿಂಗರಾಜ ಬಿಚ್ಚೋದು ನೋಡೀನಿ, ಮದ್ಲ ಎರಡೂ ಒಂದ ಕಡಿಗಿ ಇದ್ವಲ್ಲ."

"ಹೂಂ, ಮಾವ."

"ಇಬ್ರು ಬೇಕಾಗ್ಲಿ ಅಂತ ಈ ಕಡಿ ತಂದಿ."

ಕರೆಮ್ಮ ತಲೆ ತಗ್ಗಿಸಿ ಪಾನಾ ಒರೆಸಿದಳು. ಕನಕರಾಯ ಡೀಸೆಲ್ ಮೆತ್ತಿದ ಕೈಯನ್ನು ಅವಳ ತಲೆಯ ಮೇಲಿಡಲು ಹೋಗಿ, ಕೊಳೆಯಾದೀತೆಂದು ತಡೆದುಕೊಂಡ.

"ನಾ ಸತ್ತ ಮ್ಯಾಲ ಮತ್ತ ಆ ಕಡಿಗೇ ಹಾಕಿಸ್ಕೊ, ಯವ್ವಾ" ಎಂದ. "ಒಬ್ಬಾಕಿಗೇ ತ್ರಾಸ ಆಗಬಾರ್ದು."

ಕರೆಮ್ಮ ಈ ಸಲ ಹೂಂ ಎನ್ನದೆ ಗಾಡಿ ಹತ್ತಿದಳು.